ಕೋಣದೊಳಗೆ ಅಡಗಿದ ಗಂಡ: ಮಾರಿಯ ಸಿಟ್ಟು ಎಲ್ಲಿಂದ ಬಂತು?

ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ನನ್ನ ಮೈತುಂಬಾ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದವು. ಅಜ್ಜಿ ಅಂಗಿ ಎತ್ತಿ ಬೆನ್ನು ನೋಡಿದಳು. ಕಾಯಿಲೆಯ ಹೆಸರು ಹೇಳಲಿಲ್ಲ. "ಅಮ್ಮ ಬಂದಿದ್ದಾಳೆ" ಅಂದಳು, ಅಷ್ಟೇ.

ಅಲ್ಲಿಂದ ಮನೆಯ ನಡೆಯೇ ಬದಲಾಯಿತು. ಬಾಗಿಲಿಗೆ ಬೇವಿನ ಸೊಪ್ಪು ಬಂತು. ಒಗ್ಗರಣೆ ನಿಂತಿತು. ಕಾದ ಎಣ್ಣೆಯ ಚಟಪಟ ಸದ್ದು ಅವಳಿಗೆ ಆಗುವುದಿಲ್ಲವಂತೆ. ಮೊಸರನ್ನ, ಎಳನೀರು, ರಾಗಿ ಅಂಬಲಿ, ಎಲ್ಲಾ ತಂಪು. ಹಾಸಿಗೆಯ ಮೇಲೆ ಬೇವಿನೆಲೆ ಹರಡಿದರು. ತುರಿಕೆ ಬಂದರೆ ಉಗುರು ಹಾಕುವಂತಿಲ್ಲ, ಬೇವಿನ ಎಳೆ ಕುಡಿಯಿಂದ ಮೆಲ್ಲಗೆ ಸವರಬೇಕು. ಆ ದಿನಗಳಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದರೆ ಅದು ನನಗಲ್ಲ, ಮೈಮೇಲಿದ್ದ ಅವಳಿಗೆ ತಾಗುತ್ತದೆ ಅನ್ನುವ ಭಯ. ಗುಳ್ಳೆ ಒಣಗಿದ ಮೇಲೆ ಬೇವು, ಅರಿಶಿನ ಹಾಕಿದ ನೀರಿನ ಸ್ನಾನ. ಆಮೇಲೆ ಊರ ಹೊರಗಿನ ಮಾರಮ್ಮನ ಗುಡಿಗೆ ಹೋಗಿ ಮೊಸರನ್ನದ ಎಡೆ ಇಟ್ಟೆವು. ಅಜ್ಜಿ ಕೈಮುಗಿದು ಹೇಳಿದ್ದು ಇಷ್ಟು: "ಬಂದೆ, ಉಂಡೆ, ತಣ್ಣಗೆ ಹೋಗವ್ವ."

ನನಗೆ ಆಗ ಒಂದು ವಿಷಯ ಅರ್ಥವಾಗಲಿಲ್ಲ. ಕಾಯಿಲೆ ಕೊಟ್ಟವಳೂ ಅವಳೇ, ವಾಸಿ ಮಾಡುವವಳೂ ಅವಳೇ. ಮನೆಯವರೆಲ್ಲ ಹೆದರಿ ನಡುಗುತ್ತಿದ್ದಾರೆ. ಆದರೂ ಅವಳನ್ನು ಕರೆಯುವುದು ಮಾತ್ರ ಅಮ್ಮ ಅಂತ. ಆಮೇಲೆ ಎಷ್ಟೋ ವರ್ಷ ಜಾತ್ರೆಗಳನ್ನು ನೋಡುತ್ತಾ, ಸಿಕ್ಕಿದ್ದನ್ನು ಓದುತ್ತಾ ಹೋದ ಹಾಗೆ ಆ ಪ್ರಶ್ನೆ ಸ್ವಲ್ಪ ಬದಲಾಯಿತು. ಅವಳಿಗೆ ಇಷ್ಟೊಂದು ಸಿಟ್ಟು ಯಾಕೆ? ಯಾರ ಮೇಲೆ? ಆ ಸಿಟ್ಟಿಗೆ ಬೆಲೆ ತೆತ್ತವರು ಯಾರು?

ಕನ್ನಡದಲ್ಲಿ ಮಾರಿ ಅಂದರೆ ದೇವತೆಯೂ ಹೌದು, ರೋಗವೂ ಹೌದು. ಕಾಲರಾ ಬಂದರೆ ಮಾರಿ, ಪ್ಲೇಗು ಬಂದರೆ ಮಾರಿ. ಕೋವಿಡ್ ಬಂದಾಗ ಟಿವಿ, ಪತ್ರಿಕೆ ಎಲ್ಲಾ ಕಡೆ ಹೆಮ್ಮಾರಿ, ಮಹಾಮಾರಿ. ಸಾವು ಅನ್ನುವ ಅರ್ಥದ ಸಂಸ್ಕೃತ ಧಾತುವಿನಿಂದ ಈ ಹೆಸರು ಬಂತು ಅನ್ನುವವರಿದ್ದಾರೆ. ತಮಿಳಿನಲ್ಲಿ ಮಾರಿ ಅಂದರೆ ಮಳೆ, ಹಾಗಾಗಿ ಇವಳು ಮೂಲದಲ್ಲಿ ಮಳೆಯ ತಾಯಿ ಅನ್ನುವವರೂ ಇದ್ದಾರೆ. ಇವೆರಡರಲ್ಲಿ ಒಂದನ್ನು ಬಿಡಲೇಬೇಕು ಅಂತ ನನಗೆ ಅನಿಸುವುದಿಲ್ಲ. ಸಿಡುಬು ಜೋರಾಗುತ್ತಿದ್ದದ್ದು ಚಳಿ ಕಳೆದು ಬಿಸಿಲು ಏರುವ ಕಾಲದಲ್ಲಿ. ಮಾರಿ ಜಾತ್ರೆಗಳು ಜಾಸ್ತಿ ನಡೆಯುವುದೂ ಅದೇ ಕಾಲದಲ್ಲಿ. ಸುಗ್ಗಿ ಮುಗಿದಿರುತ್ತದೆ, ಕೆರೆ ಇಳಿದಿರುತ್ತದೆ, ಜನ ಮೋಡ ನೋಡುತ್ತಿರುತ್ತಾರೆ. ಮೈಯ ಉರಿಯೂ ತಣಿಯಬೇಕು, ನೆಲದ ಉರಿಯೂ ತಣಿಯಬೇಕು. ಎರಡಕ್ಕೂ ಒಬ್ಬಳೇ ದಿಕ್ಕು.

ಗಾದೆಗಳಲ್ಲಿ ಮಾತ್ರ ಅವಳು ಬರೀ ಭಯ. "ಬೀದೀಲಿ ಹೋಗೋ ಮಾರೀನ ಮನೆಗೆ ಕರೆದಂತೆ" ಅನ್ನುತ್ತೇವೆ. "ಊರಿಗೆ ಉಪಕಾರಿ, ಮನೆಗೆ ಮಾರಿ" ಅನ್ನುತ್ತೇವೆ. ಯಾರ ಮೇಲಾದರೂ ತುಂಬಾ ಕೋಪ ಬಂದರೆ ಬಾಯಿಗೆ ಬರುವ ಬೈಗುಳವೂ ಅವಳ ಹೆಸರೇ, ಅಲ್ವಾ?

ಈ ಭಯ ಹಳೆಯದು. ಹನ್ನೆರಡನೇ ಶತಮಾನದ ಬಸವಣ್ಣನವರ ವಚನಗಳಲ್ಲಿ ಮಾರಿ, ಮಸಣಿಯರ ಹೆಸರು ಬರುತ್ತದೆ. ಮಾರಿ ಅಂತ ಬೇರೆ ಯಾರೂ ಇಲ್ಲ, ಕಣ್ಣು ತಪ್ಪಿ ನೋಡಿದರೆ, ನಾಲಗೆ ತಪ್ಪಿ ಮಾತಾಡಿದರೆ ಅದೇ ಮಾರಿ ಅಂತ ಅವರು ಜನಕ್ಕೆ ಹೇಳಬೇಕಾಯಿತು. ಹಾಗೆ ಹೇಳಬೇಕಾದರೆ ಜನ ಅವಳಿಗೆ ಎಷ್ಟು ಹೆದರಿದ್ದಿರಬೇಕು ನೋಡಿ.

ಅವರಿಗೂ ಸ್ವಲ್ಪ ಮೊದಲು, 1113ರ ಸುಮಾರಿಗೆ, ಹಾಸನದ ಹತ್ತಿರ ದೊಡ್ಡಗದ್ದವಳ್ಳಿಯಲ್ಲಿ ಒಬ್ಬ ವ್ಯಾಪಾರಿ ಮತ್ತು ಅವನ ಹೆಂಡತಿ ಗುಡಿ ಕಟ್ಟಿಸಿದರು. ಹೊಯ್ಸಳರ ಕಾಲದ ಮೊದಮೊದಲ ಗುಡಿಗಳಲ್ಲಿ ಅದೂ ಒಂದು. ಹೆಸರು ಲಕ್ಷ್ಮೀದೇವಿ ಗುಡಿ. ಆದರೆ ಒಳಗೆ ಹೋದರೆ ಲಕ್ಷ್ಮಿಯ ಜೊತೆ ಕಾಳಿಗೂ ಒಂದು ಗರ್ಭಗುಡಿ ಇದೆ. ಅದರ ಬಾಗಿಲಲ್ಲಿ ಎರಡು ಬೇತಾಳಗಳು ನಿಂತಿವೆ. ಪಕ್ಕೆಲುಬು ಒಂದೊಂದನ್ನೂ ಎಣಿಸಬಹುದು. ಕಣ್ಣುಗುಡ್ಡೆ ಹೊರಗೆ ಚಾಚಿದೆ. ದುಡ್ಡು ಕೊಡುವ ತಾಯಿಗೆ ಗುಡಿ ಕಟ್ಟಿಸಿದ ಮನೆಯವರು ಪ್ರಾಣ ತೆಗೆಯುವ ತಾಯಿಯನ್ನು ಹೊರಗೆ ಬಿಡಲಿಲ್ಲ. ಒಂದೇ ಸೂರಿನ ಕೆಳಗೆ ಇಟ್ಟರು. 2020ರ ನವೆಂಬರ್‌ನಲ್ಲಿ ಆ ಕಾಳಿಯ ವಿಗ್ರಹ ಒಡೆದು ಬಿದ್ದಿರುವ ಸುದ್ದಿ ಬಂತು. ಫೋಟೋ ನೋಡಿದ ದಿನ ಮನಸ್ಸಿಗೆ ತುಂಬಾ ಕಷ್ಟವಾಯಿತು. ಒಂಬೈನೂರು ವರ್ಷ ನಿಂತಿದ್ದವಳು.

ಬಲಿಯ ಬಗ್ಗೆ ಕನ್ನಡದಲ್ಲಿ ನಡೆದ ದೊಡ್ಡ ಮಾತು 1209ರದ್ದು. ಜನ್ನನ ಯಶೋಧರ ಚರಿತೆ ಶುರುವಾಗುವುದೇ ಚಂಡಮಾರಿಯ ಜಾತ್ರೆಯಿಂದ. ಮಾರಿದತ್ತ ಅನ್ನುವ ರಾಜ ಅವಳಿಗೆ ಪ್ರಾಣಿಗಳ ಜೊತೆ ಮನುಷ್ಯರನ್ನೂ ಕೊಡಲು ಹೊರಟಿದ್ದಾನೆ. ಬಲಿಗೆ ಹಿಡಿದು ತಂದ ಎಳೆಯ ಅಣ್ಣತಂಗಿ ಅವನಿಗೆ ತಮ್ಮ ಹಿಂದಿನ ಜನ್ಮಗಳ ಕಥೆ ಹೇಳುತ್ತಾರೆ. ಆ ಕಥೆಯ ನಡುವೆ ಬರುವುದು ಹಿಟ್ಟಿನ ಹುಂಜ. ಜೀವ ತೆಗೆಯುವುದು ಬೇಡ ಅಂತ ಹಿಟ್ಟಿನಲ್ಲಿ ಹುಂಜ ಮಾಡಿ ಕಡಿಯುತ್ತಾರೆ. ಆದರೆ ಕಡಿಯುವ ಮನಸ್ಸು ಇತ್ತಲ್ಲ, ಅದೇ ಪಾಪ ಅನ್ನುತ್ತದೆ ಜೈನ ಕಾವ್ಯ. ಜನ್ಮಜನ್ಮಕ್ಕೂ ಅದು ಬೆನ್ನು ಬಿಡುವುದಿಲ್ಲ. ಈಗ ಕುಂಬಳಕಾಯಿಗೆ ಕುಂಕುಮ ಹಚ್ಚಿ ಒಡೆಯುವುದನ್ನು ನೋಡಿದಾಗೆಲ್ಲ ನನಗೆ ಆ ಹುಂಜ ನೆನಪಾಗುತ್ತದೆ. ಎಂಟುನೂರು ವರ್ಷಗಳ ಹಿಂದೆಯೇ ಕನ್ನಡದ ಕವಿಯೊಬ್ಬ ಬದಲಿ ಬಲಿಯ ಬಗ್ಗೆ ಇಷ್ಟು ಆಳವಾಗಿ ಯೋಚಿಸಿದ್ದ.

ಈಗ ಕೋಣದ ವಿಷಯಕ್ಕೆ ಬರೋಣ. ಮಾರಿಗೆ ಕುರಿ, ಕೋಳಿ ಎಲ್ಲ ಸಲ್ಲುತ್ತಿದ್ದವು. ಆದರೆ ದೊಡ್ಡ ಜಾತ್ರೆಗೆ ಕೋಣವೇ ಆಗಬೇಕಿತ್ತು. ಯಾಕೆ ಕೋಣ?

ಓದಿದವರು ತಕ್ಷಣ ಮಹಿಷಾಸುರ ಅನ್ನುತ್ತಾರೆ. ದೇವರೆಲ್ಲ ಸೋತಾಗ ದೇವಿ ಹುಟ್ಟಿ ಕೋಣ ರೂಪದ ರಾಕ್ಷಸನನ್ನು ಕೊಂದಳು ಅನ್ನುವ ಪುರಾಣ ಎಲ್ಲರಿಗೂ ಗೊತ್ತು. ಈ ದೃಶ್ಯವನ್ನು ಕಲ್ಲಿನಲ್ಲಿ ನೋಡಬೇಕು ಅಂದರೆ ಬಾದಾಮಿಗೆ ಹೋಗಬೇಕು. ಮೊದಲನೇ ಗುಹೆಯಲ್ಲಿ, ಆರನೇ ಶತಮಾನದ ಕೆಲಸ, ನಾಲ್ಕು ಕೈಯ ದೇವಿ ಇದ್ದಾಳೆ. ಅವಳ ಎದುರು ರಾಕ್ಷಸ ಇಲ್ಲ. ಪೂರ್ತಿ ಕೋಣವೇ ಇದೆ, ನಮ್ಮ ಗದ್ದೆಯಲ್ಲಿ ಕಾಣುವಂಥದ್ದೇ. ಅವಳು ಬಾಲ ಹಿಡಿದು ಅದನ್ನು ಎತ್ತಿದ್ದಾಳೆ, ತಲೆಯ ಮೇಲೆ ಕಾಲಿಟ್ಟಿದ್ದಾಳೆ. ಐಹೊಳೆಯ ರಾವಣಫಡಿಯಲ್ಲೂ ಹಾಗೇ, ಪೂರ್ತಿ ಕೋಣ. ಮುಂದಿನ ಶತಮಾನಗಳಲ್ಲಿ ಚಿತ್ರ ನಿಧಾನಕ್ಕೆ ಬದಲಾಯಿತು. ಹೊಯ್ಸಳರ ಹೊತ್ತಿಗೆ ಕೋಣದ ಕತ್ತು ಕತ್ತರಿಸಿ ಬಿದ್ದಿರುತ್ತದೆ, ಒಳಗಿನಿಂದ ಒಬ್ಬ ಮನುಷ್ಯ ಹೊರಗೆ ಬರುತ್ತಿರುತ್ತಾನೆ. ದೇವಿ ಕೊಲ್ಲುವುದು ಅವನನ್ನು.

ಕೋಣದೊಳಗೆ ಒಬ್ಬ ಮನುಷ್ಯ. ಇದನ್ನು ಸ್ವಲ್ಪ ನೆನಪಿನಲ್ಲಿಡಿ. ಯಾಕಂದರೆ ಹಳ್ಳಿಯ ಕಥೆಯಲ್ಲೂ ಕೋಣದೊಳಗೆ ಒಬ್ಬ ಮನುಷ್ಯನಿದ್ದಾನೆ. ಆದರೆ ಅವನು ರಾಕ್ಷಸ ಅಲ್ಲ.

ಮೋಸದ ಮದುವೆ

ಮಲೆನಾಡಿನಿಂದ ಬಯಲುಸೀಮೆವರೆಗೆ ಈ ಕಥೆ ಸ್ವಲ್ಪ ಸ್ವಲ್ಪ ಬೇರೆಯಾಗಿ ಕೇಳಿಸುತ್ತದೆ. ತಿರುಳು ಒಂದೇ. ಒಬ್ಬ ಬ್ರಾಹ್ಮಣನ ಮಗಳು. ಓದಲು ಬಂದ ಒಬ್ಬ ಹುಡುಗ. ನೋಡಲು ಚೆಂದ, ಬುದ್ಧಿವಂತ. ತನ್ನ ಜಾತಿ ಮುಚ್ಚಿಟ್ಟು ಬ್ರಾಹ್ಮಣ ಅಂತ ಹೇಳಿಕೊಂಡಿದ್ದಾನೆ. ಮದುವೆಯಾಗುತ್ತದೆ, ಮಕ್ಕಳಾಗುತ್ತವೆ. ಒಂದು ದಿನ ಅವನ ತಾಯಿ ಮಗನನ್ನು ನೋಡಲು ಬರುತ್ತಾಳೆ. ಊಟಕ್ಕೆ ಸಿಹಿ ಬಡಿಸುತ್ತಾರೆ. ಅವಳು ಬಾಯಿ ತಪ್ಪಿ, ಇದು ಸುಟ್ಟ ಕೋಣದ ನಾಲಗೆಯ ಹಾಗೆ ರುಚಿಯಾಗಿದೆ ಅನ್ನುತ್ತಾಳೆ. ಹುಡುಗಿಗೆ ಎಲ್ಲಾ ಗೊತ್ತಾಗುತ್ತದೆ. ಅವಳಿಗೆ ಬಂದ ಸಿಟ್ಟಿಗೆ ಮನೆ ಹೊತ್ತಿ ಉರಿಯುತ್ತದೆ. ಗಂಡ ಓಡಿಹೋಗಿ ಒಂದು ಕೋಣದೊಳಗೆ ಹೊಕ್ಕು ಅಡಗುತ್ತಾನೆ. ಅವಳು ಆ ಕೋಣವನ್ನು ಕಡಿಯುತ್ತಾಳೆ. ಅವಳೇ ಮಾರಿ.

ಮದರಾಸಿನ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್ ದಕ್ಷಿಣ ಭಾರತದ ಹಳ್ಳಿ ದೇವತೆಗಳ ಬಗ್ಗೆ 1916ರಲ್ಲಿ ಒಂದು ಪುಸ್ತಕ ತಂದರು. ಈ ಕಥೆ ಅದರಲ್ಲಿದೆ. ಬಲಿಯ ವಿವರವೂ ಇದೆ. ಕೋಣದ ತಲೆ ಕಡಿದ ಮೇಲೆ ಅದರ ಮುಂಗಾಲನ್ನೇ ಕತ್ತರಿಸಿ ಬಾಯಿಗೆ ಕೊಡುತ್ತಿದ್ದರು. ಹೊಟ್ಟೆಯ ಕೊಬ್ಬು ತೆಗೆದು ಕಣ್ಣು, ಮೂಗಿನ ಮೇಲೆ ಮೆತ್ತುತ್ತಿದ್ದರು. ತಲೆಯ ಮೇಲೆ ದೀಪ ಹಚ್ಚಿ ದೇವಿಯ ಎದುರಿಗೆ ಇಡುತ್ತಿದ್ದರು. ರಕ್ತ ಕಲಸಿದ ಅನ್ನವನ್ನು ರಾತ್ರಿ ಊರಿನ ಗಡಿಯ ಸುತ್ತ ಚೆಲ್ಲುತ್ತಾ ಬರುತ್ತಿದ್ದರು. ನಮ್ಮ ಕಡೆ ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ. ರೋಗ ಆ ಗೆರೆ ದಾಟಿ ಒಳಗೆ ಬರಬಾರದು.

ಕಾಲನ್ನು ಬಾಯಿಗೆ ಯಾಕೆ ಕೊಡುತ್ತಿದ್ದರು? ಸುಮ್ನೆ ಕೊಲ್ಲುವುದಾದರೆ ಅಷ್ಟೆಲ್ಲ ಬೇಕಿರಲಿಲ್ಲ. ಸತ್ತ ಮೇಲೂ ಅವನಿಗೆ ಅವಮಾನ ಮಾಡುವುದು ಆ ಬಲಿಯ ಒಳಗೇ ಇತ್ತು. ಅವನು ಮೋಸ ಮಾಡಿದ ಗಂಡ. ಅಷ್ಟೇ ಅಲ್ಲ, ತನ್ನ ಜಾತಿ ದಾಟಿ ಬಂದವನು.

ನನಗೆ ಈ ಕಥೆಯನ್ನು ಕಣ್ಣು ಮುಚ್ಚಿ ಒಪ್ಪಲು ಆಗುವುದಿಲ್ಲ. ಮೋಸ ಹೋದ ಹೆಣ್ಣಿನ ಸಿಟ್ಟು ನಿಜ. ಅದನ್ನು ಒಂದು ದೇವತೆಯ ಮುಖದಲ್ಲಿ ಇಟ್ಟು ಪೂಜಿಸಿದ ನಮ್ಮ ಜನರ ಧೈರ್ಯವೂ ದೊಡ್ಡದು. ಗಂಡನನ್ನು ಕೊಂದವಳಿಗೆ ಅಮ್ಮ ಅನ್ನುವುದು ಸಣ್ಣ ಮಾತಲ್ಲ. ಆದರೆ ಅದೇ ಕಥೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ದಲಿತ ಹುಡುಗ ಮೇಲ್ಜಾತಿಯ ಹುಡುಗಿಯನ್ನು ಮದುವೆಯಾದರೆ ಏನಾಗುತ್ತದೆ ಅಂತ ಎರಡು ಮೂರು ವರ್ಷಕ್ಕೊಮ್ಮೆ ಊರಿಗೆಲ್ಲ ತೋರಿಸಿ ಹೇಳುತ್ತದೆ. ಆ ಕೋಣವನ್ನು ಸಾಕಬೇಕಾದವರು, ಹಿಡಿದು ತರಬೇಕಾದವರು, ಕಡಿಯಬೇಕಾದವರು, ತಮಟೆ ಬಡಿಯಬೇಕಾದವರು ಎಷ್ಟೋ ಊರುಗಳಲ್ಲಿ ದಲಿತರೇ. ತಮ್ಮದೇ ಹುಡುಗನ ಸಾವಿಗೆ ತಾವೇ ತಮಟೆ ಬಡಿಯುವುದು ಅಂದರೆ ಏನು?

ಇನ್ನೊಂದು ಕಡೆಯಿಂದ ನೋಡಿದರೆ ಈ ಕಥೆ ಆಮೇಲೆ ಅಂಟಿಸಿದ್ದು ಅನಿಸುತ್ತದೆ. ಯಾಕಂದರೆ ಮಾರಿಯ ಪೂಜೆಯ ಒಳಮನೆಯಲ್ಲಿ ಇರುವವರು ಬೇರೆಯವರು. ರಾತ್ರಿಯಿಡೀ ಅವಳ ಪದ ಹಾಡುವ ಆಸಾದಿಗಳು ದಲಿತರು. ಚಾವಟಿಯಿಂದ ತನ್ನ ಮೈಗೆ ತಾನೇ ಹೊಡೆದುಕೊಳ್ಳುವ ಪೋತರಾಜ ಅವಳ ಬಂಟ. ಮಾದಿಗರ ಕೇರಿಯಲ್ಲಿ ಮಾತಂಗಿ ಅಂತ ಒಬ್ಬ ಹೆಣ್ಣನ್ನು ದೇವಿಯೇ ಅಂತ ನಂಬುತ್ತಿದ್ದರು. ಜಾತ್ರೆಯಲ್ಲಿ ಅವಳು ಮೇಲ್ಜಾತಿಯವರನ್ನು ಬಾಯಿಗೆ ಬಂದಂತೆ ಬೈಯಬಹುದಿತ್ತು, ಅವರ ಮೇಲೆ ಹೆಂಡ ಉಗುಳಬಹುದಿತ್ತು. ಅವರು ಅದನ್ನು ಪ್ರಸಾದ ಅಂತ ತೆಗೆದುಕೊಳ್ಳುತ್ತಿದ್ದರು. ಸವದತ್ತಿಯ ಎಲ್ಲಮ್ಮನ ಕಥೆಯಲ್ಲೂ ಮಾತಂಗಿ ಬರುತ್ತಾಳೆ. ಪರಶುರಾಮ ತಾಯಿಯ ತಲೆ ಕಡಿಯುವಾಗ ಅವಳನ್ನು ತಬ್ಬಿಕೊಂಡಿದ್ದ ಮಾತಂಗಿಯ ತಲೆಯೂ ಹೋಗುತ್ತದೆ. ಜೀವ ಬರಿಸುವಾಗ ಇಬ್ಬರ ತಲೆ ಅದಲುಬದಲಾಗುತ್ತವೆ. ಒಬ್ಬಳ ತಲೆ, ಇನ್ನೊಬ್ಬಳ ಮೈ. ಯಾವುದು ಯಾವ ಜಾತಿ ಅಂತ ಹೇಳುವುದು ಹೇಗೆ? ಇಂಥ ದೇವತೆ ಹುಟ್ಟಿದ್ದು ಬ್ರಾಹ್ಮಣರ ಮನೆಯಲ್ಲಿ ಅಂತ ಆಮೇಲೆ ಯಾರೋ ಹೇಳಿದರು ಅಂತಲೇ ನನ್ನ ಅನಿಸಿಕೆ. ಕೇರಿಯ ತಾಯಿಯನ್ನು ಅಗ್ರಹಾರದ ಮಗಳು ಮಾಡಿದರು. ಅವಳ ಸಿಟ್ಟನ್ನು ಕೇರಿಯ ಕಡೆಗೇ ತಿರುಗಿಸಿದರು.

ಸಿರ್ಸಿಯ ದೊಡ್ಡಮ್ಮ

ಈ ಎಲ್ಲ ಎಳೆಗಳೂ ಒಂದೇ ಕಡೆ ಕಾಣುವ ಊರು ಸಿರ್ಸಿ. ಅಲ್ಲಿನ ಮಾರಿಕಾಂಬೆಯನ್ನು ಜನ ದೊಡ್ಡಮ್ಮ ಅನ್ನುತ್ತಾರೆ. ನಾಡಿನ ಮಾರಿಯರಿಗೆಲ್ಲ ಅಕ್ಕ ಅಂತ ನಂಬಿಕೆ. ಗುಡಿ 1688ರದ್ದು ಅನ್ನುತ್ತಾರೆ. ಹಾನಗಲ್ಲಿಗೆ ಹೋಗುವ ದಾರಿಯ ಕೆರೆಯಲ್ಲಿ ವಿಗ್ರಹ ಸಿಕ್ಕಿತು ಅನ್ನುವುದು ಸ್ಥಳದ ಕಥೆ. ವಿಗ್ರಹ ಮರದ್ದು, ಸುಮಾರು ಏಳು ಅಡಿ ಎತ್ತರ. ಎಂಟು ಕೈ, ಹುಲಿಯ ಮೇಲೆ ಕೂತು ರಾಕ್ಷಸನನ್ನು ಕೊಲ್ಲುತ್ತಿದ್ದಾಳೆ. ಒಳಾಂಗಣದ ಗೋಡೆಗಳ ಮೇಲೆ ಕಾವಿ ಚಿತ್ರಗಳಿವೆ. ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಕೆಂಪು. ಕರಾವಳಿ, ಮಲೆನಾಡಿನ ಈ ಕಲೆ ಈಗ ತುಂಬಾ ಕಡೆ ಅಳಿಸಿಹೋಗಿದೆ. ಸಿರ್ಸಿಗೆ ಹೋದವರು ದೇವಿಗೆ ಕೈಮುಗಿದು ಹಾಗೇ ಹೊರಟುಬಿಡಬೇಡಿ, ಗೋಡೆಯನ್ನೂ ನೋಡಿ.

ಜಾತ್ರೆ ಎರಡು ವರ್ಷಕ್ಕೊಮ್ಮೆ. 2022ರಲ್ಲಿ ಆಯಿತು, 2024ರಲ್ಲಿ ಆಯಿತು. ಮೊದಲ ರಾತ್ರಿ ಕಲ್ಯಾಣ. ಅಂದರೆ ದೇವಿಗೆ ಮದುವೆ. ಮಾರನೇ ಬೆಳಿಗ್ಗೆ ಅವಳು ರಥ ಹತ್ತಿ ಬಿಡಕಿ ಬಯಲಿಗೆ ಬರುತ್ತಾಳೆ. ಏಳಡಿಯ ಮದುಮಗಳು, ಕೆಂಪು ಮುಖ, ದೊಡ್ಡ ಕಣ್ಣು, ಮೈತುಂಬಾ ಒಡವೆ, ಹೂ. ರಥದ ಹಗ್ಗ ಹಿಡಿಯಲು ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಬಾಳೆಹಣ್ಣು ಎಸೆಯುತ್ತಾರೆ. ಗದ್ದುಗೆಯ ಮೇಲೆ ಕೂತ ಮೇಲೆ ಒಂದು ವಾರ ಅವಳು ಎಲ್ಲರವಳು. ಹೆಂಗಸರು ಉಡಿ ತುಂಬುತ್ತಾರೆ. ಅಕ್ಕಿ, ತೆಂಗಿನಕಾಯಿ, ಖಣ, ಬಳೆ, ಅರಿಶಿನ ಕುಂಕುಮ. ಬೇರೆ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಜಾತ್ರೆಗೆ ತವರಿಗೆ ಬರುತ್ತಾರೆ. ಸಾಗರದಲ್ಲಂತೂ ಮಾರಿಕಾಂಬೆಗೆ ಎರಡು ಗುಡಿಗಳಿವೆ, ಒಂದು ತವರುಮನೆ, ಒಂದು ಗಂಡನ ಮನೆ. ಅಲ್ಲಿ ಜಾತ್ರೆ ಮೂರು ವರ್ಷಕ್ಕೊಮ್ಮೆ. ಶಿವಮೊಗ್ಗದ ಕೋಟೆ ಮಾರಿಕಾಂಬೆಗೆ ಗಾಂಧಿ ಬಜಾರು ತವರು. ಉಗ್ರದೇವತೆ ಅನ್ನುವ ದೊಡ್ಡ ಪದ ಜಾತ್ರೆಯ ಆ ವಾರದಲ್ಲಿ ಎಲ್ಲೂ ಕಿವಿಗೆ ಬೀಳುವುದಿಲ್ಲ. ಮಗಳು ಮನೆಗೆ ಬಂದಿದ್ದಾಳೆ ಅನ್ನುವ ಸಡಗರವೇ ಜಾಸ್ತಿ.

ಆದರೆ ಕೊನೆಯ ದಿನ ಬೇರೆ. ಗದ್ದುಗೆಯಿಂದ ಏಳುವ ದೇವಿಗೆ ಬಂದಾಗಿನ ಸಡಗರ ಇರುವುದಿಲ್ಲ. ಮಾತಂಗಿ ಚಪ್ಪರ ಅಂತ ಒಂದು ಚಪ್ಪರ ಕಟ್ಟಿರುತ್ತಾರೆ. ಅದಕ್ಕೆ ಬೆಂಕಿ ಇಡುತ್ತಾರೆ. ಅದು ಉರಿಯುವುದನ್ನು ನೋಡಿದರೆ ಮೋಸದ ಮದುವೆಯ ಕಥೆ ಗೊತ್ತಿದ್ದವರಿಗೆ ಮೈ ಜುಂ ಅನ್ನುತ್ತದೆ. ಮೊದಲ ರಾತ್ರಿ ಮದುವೆ, ವಾರದ ಕೊನೆಗೆ ಮನೆ ಸುಟ್ಟಿತು, ಗಂಡ ಇಲ್ಲ.

ಆ ಗಂಡನ ಜಾಗದಲ್ಲಿ ಸಿರ್ಸಿಯಲ್ಲೂ ಕೋಣ ಇತ್ತು. 1934ರಲ್ಲಿ ಗಾಂಧೀಜಿ ಅಸ್ಪೃಶ್ಯತೆ ವಿರುದ್ಧದ ಪ್ರವಾಸದಲ್ಲಿ ಸಿರ್ಸಿಗೆ ಬಂದರು. ಆಗ ಈ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಊರಿನ ದೊಡ್ಡ ಗುಡಿಗೆ ಅವರು ಬರುತ್ತಾರೆ ಅಂತ ಜನ ಕಾದಿದ್ದರು. ಕೋಣ ಕಡಿಯುವ ಗುಡಿಗೆ ಹೋಗಲು ಅವರು ಒಪ್ಪಲಿಲ್ಲ. ಅದು ಊರಿಗೆ ನಾಟಿತು. ವಿಠ್ಠಲರಾವ್ ಹೊಡಿಕೆ ಅನ್ನುವ ಗಾಂಧಿವಾದಿ ಮೇಷ್ಟ್ರು, ಗುಡಿಯ ಆಡಳಿತ ನೋಡುತ್ತಿದ್ದ ಕೇಶವೈನ್ ಮತ್ತು ಇನ್ನೂ ಹಲವರು ಸೇರಿ ಬಲಿ ನಿಲ್ಲಿಸಲು ಕೆಲಸ ಮಾಡಿದರು. ಬಲಿ ನಿಂತಿತು. ದಲಿತರಿಗೆ ಗುಡಿಯ ಬಾಗಿಲು ತೆರೆಯಿತು. ಎಷ್ಟೋ ತಲೆಮಾರು ನಡೆದುಬಂದಿದ್ದನ್ನು ಬಿಟ್ಟರೆ ಮಾರಿ ಮುನಿಯುತ್ತಾಳೆ, ಊರಿಗೆ ಬೇನೆ ಬರುತ್ತದೆ ಅನ್ನುವ ಹೆದರಿಕೆ ಇದ್ದ ಕಾಲ ಅದು. ಆ ಹೆದರಿಕೆ ದಾಟಿದ್ದು ಸುಲಭದ ಕೆಲಸವಲ್ಲ. ದೇವಿಯನ್ನು ನಂಬುವವರೇ ಅದನ್ನು ಮಾಡಿದರು. ಅವಳನ್ನು ಬಿಟ್ಟು ಮಾಡಲಿಲ್ಲ. ಅದಕ್ಕೇ ಅದು ಉಳಿಯಿತು ಅಂತ ನಾನು ನಂಬಿದ್ದೇನೆ.

ಕಾನೂನು ಬಂದದ್ದು ಆಮೇಲೆ, 1959ರಲ್ಲಿ. ರಾಜ್ಯದ ಪ್ರಾಣಿ ಬಲಿ ತಡೆ ಕಾಯಿದೆ ಗುಡಿಯಲ್ಲಾಗಲಿ, ಗುಡಿಯ ಸುತ್ತಮುತ್ತಲಾಗಲಿ ಬಲಿ ಕೊಡುವುದನ್ನು ಅಪರಾಧ ಮಾಡಿತು. ಬೇರೆ ಜಾತ್ರೆಗಳಲ್ಲಿ ಫಲ ಒಂದೇ ಥರ ಆಗಲಿಲ್ಲ. ಎಷ್ಟೋ ಕಡೆ ಬಲಿ ಹಗಲಿನಿಂದ ರಾತ್ರಿಗೆ ಹೋಯಿತು, ಗುಡಿಯ ಮುಂದಿನಿಂದ ಹೊಲದ ಬದುವಿಗೆ ಹೋಯಿತು. ಕೆಲವು ಕಡೆ ಕೋಣವನ್ನು ಕೊಲ್ಲದೆ ಸಿರಿಂಜಿನಲ್ಲಿ ಸ್ವಲ್ಪ ರಕ್ತ ತೆಗೆದು ದೇವಿಗೆ ಮುಟ್ಟಿಸುವ ದಾರಿ ಹುಡುಕಿಕೊಂಡಿದ್ದಾರೆ. ಪೊಲೀಸರು ಕಾವಲು ನಿಲ್ಲುವ ಜಾತ್ರೆಗಳು ಈಗಲೂ ಇವೆ.

ಸಿರ್ಸಿಯಿಂದ ದೂರವೇನಲ್ಲದ ಚಂದ್ರಗುತ್ತಿಯ ಹೆಸರನ್ನೂ ಇಲ್ಲಿ ಹೇಳಬೇಕು. ಅಲ್ಲಿ ರೇಣುಕಾಂಬೆಗೆ ಬೆತ್ತಲೆ ಸೇವೆ ನಡೆಯುತ್ತಿತ್ತು. 1986ರ ಮಾರ್ಚ್‌ನಲ್ಲಿ ಅದನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಗುಂಪು ಬಿತ್ತು. ಪೊಲೀಸರನ್ನೇ ಬೆತ್ತಲೆ ಮಾಡಿ ನಡೆಸಿದರು. ಆಮೇಲೆ ಸರ್ಕಾರ ಸೇವೆಯನ್ನು ನಿಷೇಧಿಸಿತು. ದೇವಿಯ ಹೆ‌ಸರಿನಲ್ಲಿ ಬಟ್ಟೆ ಬಿಚ್ಚಬೇಕಾಗಿದ್ದವರಲ್ಲಿ ಜಾಸ್ತಿ ಜನ ಬಡವರ, ದಲಿತರ ಮನೆಯ ಹೆಣ್ಣುಮಕ್ಕಳೇ. ಬೆಲೆ ತೆತ್ತವರು ಯಾರು ಅನ್ನುವ ಪ್ರಶ್ನೆಗೆ ಇಲ್ಲೂ ಅದೇ ಉತ್ತರ.

ರೋಗ ಹೋದ ಮೇಲೆ

ಮಾರಿಯ ಆಚರಣೆಗಳಲ್ಲಿ ಒಂದು ನನಗೆ ಬಹಳ ಇಷ್ಟ. ಹೊರಬೀಡು. ಜಾತ್ರೆಗೆ ಮೊದಲು ಗೊತ್ತಾದ ವಾರಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರ ಹೊರಗೆ ಹೋಗುತ್ತಾರೆ. ಅಲ್ಲೇ ಒಲೆ ಹೂಡಿ ಅಡುಗೆ, ಊಟ. ಹಗಲೆಲ್ಲ ಊರು ಖಾಲಿ. ಸಂಜೆ ವಾಪಸು. ಮಾರಿ ಊರಲ್ಲಿ ಓಡಾಡುತ್ತಾಳೆ, ಆಗ ಮನುಷ್ಯರು ಇರಬಾರದು ಅನ್ನುವುದು ಕಾರಣ. ಈಗ ಮಕ್ಕಳಿಗೆ ಅದು ಪಿಕ್‌ನಿಕ್. ಆದರೆ ಪ್ಲೇಗಿನ ಕಾಲದಲ್ಲಿ ಜನ ಬದುಕಿದ್ದೇ ಹೀಗೆ. ಇಲಿ ಬಿದ್ದ ಕೂಡಲೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಯಾವುದರಿಂದ ಯಾವುದು ಬಂತೋ ಹೇಳುವುದು ಕಷ್ಟ. ಆದರೆ ಊರನ್ನು ಒಂದು ದಿನ ಖಾಲಿ ಮಾಡುವ ಅಭ್ಯಾಸ ಇದ್ದವರಿಗೆ ಒಂದು ತಿಂಗಳು ಖಾಲಿ ಮಾಡುವುದು ಗೊತ್ತಿರುತ್ತದೆ.

1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಇಕ್ಕಟ್ಟಿನ ಪೇಟೆಯಲ್ಲಿ ಜನ ಸತ್ತರು. ಗಾಳಿ ಬೆಳಕಿನ ಬಡಾವಣೆ ಬೇಕು ಅಂತ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅದೇ ಹೊತ್ತಿಗೆ ಪ್ಲೇಗಮ್ಮನ ಗುಡಿಗಳೂ ಎದ್ದವು. ಇಂಗ್ಲಿಷಿನ ರೋಗದ ಹೆಸರಿಗೆ ಒಂದು "ಅಮ್ಮ" ಸೇರಿಸಿ ಅದನ್ನು ಮನೆಯವಳನ್ನಾಗಿ ಮಾಡಿಕೊಂಡರು.

ಸಿಡುಬಿನ ಕಥೆ ಇನ್ನೂ ಉದ್ದ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಅನ್ನುವ ಕಲಾವಿದ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಅದರಲ್ಲಿ ಒಬ್ಬ ಹುಡುಗಿ ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ. ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಜಮ್ಮಣ್ಣಿ, ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಅಂತ ಇತಿಹಾಸಕಾರರು ಓದುತ್ತಾರೆ. ಅರಮನೆಯ ಹೆಣ್ಣುಮಕ್ಕಳೇ ಚುಚ್ಚಿಸಿಕೊಂಡರೆ ಊರಿನವರೂ ಹೆದರುವುದಿಲ್ಲ ಅನ್ನುವ ಲೆಕ್ಕ. ಜನರ ಹೆದರಿಕೆ ಸೂಜಿಗೆ ಮಾತ್ರ ಇರಲಿಲ್ಲ. ಮೈಮೇಲೆ ಬರುವ ಅಮ್ಮನನ್ನು ತಡೆದರೆ ಅವಳಿಗೆ ಸಿಟ್ಟು ಬರುವುದಿಲ್ಲವೇ ಅನ್ನುವ ಹೆದರಿಕೆಯೂ ಇತ್ತು. ಲಸಿಕೆಯವರು ಊರಿಗೆ ಬಂದರೆ ಮಕ್ಕಳನ್ನು ಬಚ್ಚಿಡುತ್ತಿದ್ದರು. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬು ರೋಗಿ ಸಿಕ್ಕಳು. 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತಿನಿಂದಲೇ ಸಿಡುಬು ಹೋಯಿತು ಅಂತ ಸಾರಿತು.

ರೋಗ ಹೋಯಿತು. ಅವಳು ಹೋಗಲಿಲ್ಲ. ನನಗೆ ಬಂದದ್ದು ಸೀತಾಳೆ ಸಿಡುಬು, ಅಷ್ಟೇನೂ ಅಪಾಯದ್ದಲ್ಲ. ಆದರೂ ಅಜ್ಜಿ ದೊಡ್ಡ ಸಿಡುಬಿಗೆ ಕೊಡುತ್ತಿದ್ದ ಮರ್ಯಾದೆಯನ್ನೇ ಅದಕ್ಕೂ ಕೊಟ್ಟಳು. 2021ರಲ್ಲಿ ಕೋವಿಡ್‌ನ ಎರಡನೇ ಅಲೆ ಜೋರಾಗಿದ್ದಾಗ ಕೊಳ್ಳೇಗಾಲ ತಾಲ್ಲೂಕಿನ ಮಧುವನಹಳ್ಳಿಯಲ್ಲಿ ಕೊರೊನಾ ಮಾರಮ್ಮನನ್ನು ಕೂರಿಸಿ ಪೂಜೆ ಮಾಡಿದ ಸುದ್ದಿ ಬಂತು. ಎಷ್ಟೋ ಜನ ಅದನ್ನು ಫೋನಿನಲ್ಲಿ ಹಂಚಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ, ಆಮ್ಲಜನಕ ಸಿಗದೆ ಜನ ಸಾಯುತ್ತಿದ್ದ ತಿಂಗಳು ಅದು. ಹೆಸರಿಲ್ಲದ ಭಯಕ್ಕೆ ಒಂದು ಹೆಸರು, ಒಂದು ಮುಖ ಕೊಟ್ಟರೆ ಅದರ ಜೊತೆ ಮಾತಾಡಬಹುದು. ಬಂದೆ, ಉಂಡೆ, ತಣ್ಣಗೆ ಹೋಗು ಅಂತ ಕೇಳಿಕೊಳ್ಳಬಹುದು. ವೈರಸ್ ಜೊತೆ ಮಾತಾಡಲು ಆಗುವುದಿಲ್ಲ. ಅದಕ್ಕೆ ಲಸಿಕೆ ಬೇಕು, ಆ ವರ್ಷ ಜನ ಲಸಿಕೆಗೂ ಸಾಲಿನಲ್ಲಿ ನಿಂತರು.

ಈ ನೂರು ವರ್ಷಗಳಲ್ಲಿ ಮಾರಿ ತುಂಬಾ ಬದಲಾಗಿದ್ದಾಳೆ. ಎಷ್ಟೋ ಊರುಗಳಲ್ಲಿ ಮಾರಮ್ಮ ಮಾರಿಕಾಂಬೆ ಆದಳು, ದುರ್ಗೆ ಆದಳು, ಪಾರ್ವತಿಯ ಅವತಾರ ಆದಳು. ಹೆಂಚಿನ ಗುಡಿ ಹೋಗಿ ಗೋಪುರ ಬಂತು. ರಕ್ತದ ಜಾಗಕ್ಕೆ ಕುಂಕುಮ ಬಂತು. ಮೋಸದ ಮದುವೆಯ ಕಥೆಯನ್ನು ಈಗ ಗಟ್ಟಿಯಾಗಿ ಹೇಳುವವರು ಕಡಿಮೆ, ಕೇಳಿದರೆ ಮಹಿಷಾಸುರನ ಕಥೆ ಹೇಳುತ್ತಾರೆ. ರಕ್ತ ನಿಂತದ್ದು ಒಳ್ಳೆಯದಾಯಿತು. ಆದರೆ ಕಥೆಯನ್ನು ಸುಮ್ನೆ ಮುಚ್ಚಿಟ್ಟರೆ ಸಾಲದು ಅನಿಸುತ್ತದೆ. ಜಾತಿ ಬಿಟ್ಟು ಮದುವೆಯಾದ ಹುಡುಗರನ್ನು ಇವತ್ತಿಗೂ ಕೊಲ್ಲುತ್ತಿದ್ದಾರೆ. ಕೋಣದೊಳಗೆ ಅಡಗಿದವನು ಯಾರು, ಅವನನ್ನು ಅಲ್ಲಿ ಅಡಗಿಸಿದವರು ಯಾರು ಅಂತ ಜಾತ್ರೆಯ ಗದ್ದಲದ ನಡುವೆ ಯಾರಾದರೂ ಕೇಳಬೇಕು. ಆಸಾದಿಗಳ ಪದಗಳಲ್ಲಿ ಅವನ ಕಡೆಯ ಮಾತು ಉಳಿದಿದ್ದರೆ ಅದನ್ನು ಬರೆದಿಡಬೇಕು, ಹಾಡುವವರು ಇರುವಾಗಲೇ.

ಸಿರ್ಸಿಯಲ್ಲಿ ಜಾತ್ರೆ ಮುಗಿದ ಮರುದಿನ ಬಿಡಕಿ ಬಯಲಿಗೆ ಹೋಗಿ ನಿಂತರೆ ಗದ್ದುಗೆ ಖಾಲಿ. ಬಳೆ ಅಂಗಡಿಯವರು ಗಂಟು ಕಟ್ಟುತ್ತಿರುತ್ತಾರೆ. ತೊಟ್ಟಿಲು, ಜೋಕಾಲಿಯ ಕಬ್ಬಿಣ ಬಿಚ್ಚಿ ಲಾರಿಗೆ ಹಾಕುತ್ತಿರುತ್ತಾರೆ. ನೆಲದ ಮೇಲೆ ಉಡಿಯಿಂದ ಉದುರಿದ ಅಕ್ಕಿ ಕಾಳನ್ನು ಗುಬ್ಬಿಗಳು ಹೆಕ್ಕುತ್ತಿರುತ್ತವೆ. ಗುಡಿಯಲ್ಲಿ ದರ್ಶನ ಇಲ್ಲ. ಯುಗಾದಿಯ ದಿನ ಅವಳನ್ನು ಮತ್ತೆ ಕೂರಿಸುವ ತನಕ ಕಾಯಬೇಕು.